ಎದುರಿನವರ ಮಾತು ಮೊದಲು

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೊಸದಾಗಿ ನೇಮಕವಾದ ರಾಜ್ಯಶಾಸ್ತ್ರದ ಉಪನ್ಯಾಸಕಿ, ಮೊದಲ ಪೋಸ್ಟಿಂಗು ಜಗಳೂರು. "ಮೇಡಂ, ನಿಮ್ಮ ಹಳೇ ನೋಟ್ಸ್ ಇದ್ದರೆ ಕೊಡ್ತೀರಾ?" ಎಂದು ಕೇಳಿದಳು. ನನ್ನ ಹತ್ತಿರ ನೋಟ್ಸ್ ಎಲ್ಲಿದೆ? ನಿವೃತ್ತಿಯಾದ ವಾರವೇ ಕಟ್ಟುಗಟ್ಟಲೆ ತೆಗೆದು ನೀರೊಲೆಗೆ ಹಾಕಿದ್ದೆ. ಸ್ನಾನದ ನೀರು ಚೆನ್ನಾಗಿ ಕಾಯಿತು. ಅವು ಯಾರಿಗಾದರೂ ನೇರವಾಗಿ ಉಪಯೋಗಕ್ಕೆ ಬಂದದ್ದು ಬಹುಶಃ ಅದೇ ಮೊದಲು. ಅವಳಿಗೆ ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ, ಕೊಡಬಹುದಾದದ್ದು ಒಂದು ಇತ್ತಲ್ಲ ಎನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಿಷಯದ ಮರ್ಯಾದೆ ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೈನ್ಸ್ ಸಿಗದವರು ಕಾಮರ್ಸಿಗೆ ಹೋಗುತ್ತಿದ್ದರು, ಕಾಮರ್ಸ್ ಬೇಡವೆಂದವರು ನಮ್ಮ ಪಾಲಿಗೆ ಬರುತ್ತಿದ್ದರು. ನಮ್ಮಲ್ಲೂ ವಿದೇಶಾಂಗ ನೀತಿ ಎನ್ನುವುದು ಪುಸ್ತಕದ ಕಟ್ಟಕಡೆಯ ಅಧ್ಯಾಯ. ಅದು ಬರುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು, ಪರೀಕ್ಷೆ ತಲೆಯ ಮೇಲೆ ಕುಳಿತಿರುತ್ತಿತ್ತು. ಪಂಚಶೀಲದ ಐದು ತತ್ವಗಳನ್ನು ಬರೆಸಿ, ಅಲಿಪ್ತ ನೀತಿಗೆ ಐದು ಅಂಕದ ಉತ್ತರ ಬರೆಸಿ ಕೈತೊಳೆದುಕೊಳ್ಳುವುದೇ ಪದ್ಧತಿ. ನಾನೂ ಹಾಗೆಯೇ ಶುರು ಮಾಡಿದೆ.

ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನನ್ನ ಮೊದಲ ಕೆಲಸವೂ ಜಗಳೂರಿನಲ್ಲೇ. ಆಗ ಅದು ಚಿತ್ರದುರ್ಗ ಜಿಲ್ಲೆ. ಹೆಂಗಸು ಪಾಠ ಹೇಳುವುದನ್ನು ನೋಡಲು ಮೊದಲ ವಾರ ಕಿಟಕಿಯಲ್ಲಿ ಪಕ್ಕದ ಹೋಟೆಲಿನವರೂ ನಿಂತಿದ್ದರು. ಮೇಡಂ ಎಂದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅಕ್ಕೋರು. ಕಾಲೇಜಿನಲ್ಲಿ ಒಂದೇ ಒಂದು ಗೋಡೆಯ ಭೂಪಟವಿತ್ತು. ಅದರಲ್ಲಿ ಬಾಂಗ್ಲಾದೇಶ ಇನ್ನೂ ಹುಟ್ಟಿರಲಿಲ್ಲ, ಪೂರ್ವ ಪಾಕಿಸ್ತಾನ ಎಂದೇ ಇತ್ತು. ನಾನು ಒಂದು ಚೀಟಿಯಲ್ಲಿ 'ಬಾಂಗ್ಲಾದೇಶ' ಎಂದು ಬರೆದು ಅನ್ನದ ಅಗುಳಿನಿಂದ ಅಂಟಿಸಿದೆ. ಪ್ರಿನ್ಸಿಪಾಲರು ಕರೆಸಿ, "ಸರಕಾರಿ ಭೂಪಟಕ್ಕೆ ಕೈ ಹಚ್ಚಾಕೆ ಯಾರು ಪರ್ಮಿಶನ್ ಕೊಟ್ರಮ್ಮ? ಹೊಸ ಭೂಪಟ ಬರಲಿ, ಆಗ ಹೊಸ ದೇಶ ತೋರ್ಸೀರಂತೆ" ಎಂದರು. ಚೀಟಿಯನ್ನು ಕೀಳಬೇಕಾಯಿತು. ಕಿತ್ತಾಗ ಅರ್ಧ ಬರ್ಮಾ ಅದರ ಜೊತೆಗೇ ಬಂದುಬಿಟ್ಟಿತು.

ಅದೇ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಅಕ್ಕೋರೆ, ಬ್ಯಾರೆ ದೇಶದ ಒಳಗಿನ ವಿಷಯಕ್ಕೆ ಕೈ ಹಾಕಬಾರದು ಅಂತ ಪಂಚಶೀಲದಾಗೆ ಐತೆ. ಮತ್ತೆ ನಾವು ಬಾಂಗ್ಲಾಕ್ಕೆ ಸೈನ್ಯ ಕಳಿಸಿದ್ವಲ್ಲ, ಅದು ಹೆಂಗೆ?" ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಹೊಳೆಯಲಿಲ್ಲ, ಗೊತ್ತಿಲ್ಲ ಎಂದೆ. ಹೊರಗೆ ಓಡಾಡುತ್ತಿದ್ದ ಪ್ರಿನ್ಸಿಪಾಲರ ಕಿವಿಗೆ ಅದು ಬಿತ್ತು. ಸಂಜೆ ಬುದ್ಧಿ ಹೇಳಿದರು: "ಗೊತ್ತಿಲ್ಲ ಅಂತ ಕ್ಲಾಸಿನಾಗೆ ಅನ್ನಬಾರದಮ್ಮ. 'ಅದು ಡಿಗ್ರಿಗೆ ಬರ್ತೈತೆ, ಈಗ ಕೂತ್ಕೋ' ಅನ್ನಬೇಕು." ಮನುಷ್ಯ ಕೆಟ್ಟವರಲ್ಲ. ಅವರೂ ಯಾರದೋ ಕೈಯಲ್ಲಿ ಹಾಗೆಯೇ ಕಲಿತು ಬಂದವರು.

ಉತ್ತರವಲ್ಲದಿದ್ದರೂ ಉತ್ತರ ಹುಡುಕುವ ದಾರಿಯೊಂದು ಸಿಕ್ಕಿದ್ದು ಸೊಕ್ಕೆಯಲ್ಲಿ. ನಮ್ಮ ಕಾಲೇಜಿನ ಅಟೆಂಡರ್ ತಿಪ್ಪಣ್ಣನ ಊರು ಅದು. ಅವನ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದರೆ ಬೇವಿನ ಕಟ್ಟೆಯ ಸುತ್ತ ಜನ ಸೇರಿದ್ದರು. ಅಣ್ಣ ತಮ್ಮಂದಿರ ಹೊಲದ ಬದುವಿನ ಜಗಳ. ಅಷ್ಟೇ ಆಗಿದ್ದರೆ ನಾನು ನಿಲ್ಲುತ್ತಿರಲಿಲ್ಲ. ತಮ್ಮ ತನ್ನ ಹೆಂಡತಿಯ ತವರಿಗೆ ಹೇಳಿಕಳಿಸಿದ್ದನಂತೆ. ಬೀಗರು ದೊಣ್ಣೆ ಹಿಡಿದು ಒಂದು ಟ್ರಾಕ್ಟರ್ ಜನ ಬಂದಿಳಿದಿದ್ದರು. ಮೊದಲ ದಿನ ಅವರಿಗೆ ಹೋಳಿಗೆ ಊಟವಾಯಿತು. ಆಮೇಲೆ ಅವರು ಬದುವಿನ ಮೇಲೆ ಠಿಕಾಣಿ ಹೂಡಿ, ಅಡುಗೆಗೆಂದು ಎರಡೂ ಕಡೆಯ ತೊಗರಿ ಕಿತ್ತರು, ಇಬ್ಬರ ಮಕ್ಕಳನ್ನೂ ಗದರಿಸಿದರು. ಕಡೆಗೆ ಅಣ್ಣ ತಮ್ಮ ಒಂದಾಗಿ ಬೀಗರ ಮೇಲೆಯೇ ಕೈ ಮಾಡಿದ್ದರು. ಈಗ ಮೂರು ಕಡೆಯವರೂ ಕಟ್ಟೆಯ ಮುಂದೆ ನಿಂತಿದ್ದರು, ಬೀಗನ ತಲೆಗೆ ಪಟ್ಟಿ.

ನ್ಯಾಯ ಹೇಳಲು ಕುಳಿತ ಅಜ್ಜನದು ಒಂದು ವಿಚಿತ್ರ ಕ್ರಮ. ತಮ್ಮನಾದವನು ಬಾಯಿ ತೆರೆಯುತ್ತಿದ್ದಂತೆ ಅಜ್ಜ ಕೈಯೆತ್ತಿ ತಡೆದ. "ನಿನ್ನ ಮಾತು ಆಮ್ಯಾಕೆ. ಮೊದ್ಲು ನಿಮ್ಮಣ್ಣನ ಮಾತು ನೀನು ಹೇಳು. ಅವ್ನು 'ಹೌದು, ಇದೇ ನನ್ನ ಮಾತು' ಅನ್ನಬೇಕು. ಅಲ್ಲೀಗಂಟ ನಿನಗೆ ಸರದಿ ಇಲ್ಲ." ತಮ್ಮ ಹೇಳಿದ, ಅಣ್ಣ ಅಲ್ಲ ಎಂದ. ಮತ್ತೆ ಹೇಳಿದ, ಅರ್ಧ ಹೌದು ಎಂದ. ಬೈಗುಳ ಉದುರಿ ಹೋಗುತ್ತಾ, ಜಗಳದಲ್ಲಿ ನಿಜವಾಗಿ ಏನಿತ್ತೋ ಅಷ್ಟೇ ಉಳಿಯಿತು. ಬೀಗನ ಸರದಿ ಬಂದಾಗ ಅವನು, "ನಾವು ಇವ್ರಿಗೆ ಒಳ್ಳೇದು ಮಾಡಾಕೆ ಬಂದ್ವಿ" ಎಂದ. "ಅದು ನಿನ್ನ ಮಾತಾತು. ಅವರ ಮಾತು ಹೇಳು," ಎಂದ ಅಜ್ಜ. ಬೀಗನಿಗೆ ಆಗಲಿಲ್ಲ. ಒದ್ದಾಡಿದ, ಸಿಟ್ಟಾದ, ಕೊನೆಗೆ ಸುಮ್ಮನೆ ಕುಳಿತ.

ಮುಂದಿನ ವಾರದಿಂದ ಆ ಕ್ರಮವನ್ನು ನನ್ನ ತರಗತಿಗೆ ತಂದೆ. ಪರವೋ ವಿರೋಧವೋ ಚೀಟಿ ಎತ್ತುವುದು. ಯಾವ ಚೀಟಿ ಬಂದರೂ ಮೊದಲು ಎದುರಿನವರ ವಾದವನ್ನು ತಾನೇ ಹೇಳಬೇಕು. ಎದುರಿನವರು 'ಹೌದು, ಇದೇ ನನ್ನ ಮಾತು' ಎಂದು ಒಪ್ಪಿದ ಮೇಲೆ ಮಾತ್ರ ತನ್ನ ವಾದಕ್ಕೆ ಇಳಿಯಬೇಕು. ಬರೆಸುವ ಕೆಲಸ ಕಡಿಮೆಯಾಯಿತು, ಗಲಾಟೆ ಹೆಚ್ಚಾಯಿತು. ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ದೂರು ಕೊಟ್ಟರು.

ಎಪ್ಪತ್ತರ ದಶಕ ಮುಗಿಯುವಾಗ ನನ್ನನ್ನು ಹೊನ್ನಾಳಿಗೆ ಎತ್ತಿ ಹಾಕಿದರು. ನ್ಯಾಮತಿಯೂ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ರಷ್ಯಾದ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಕಾಲ. ನ್ಯಾಮತಿಯ ಸಲೀಂ ಎಂಬ ಹುಡುಗನ ಮನೆಯವರದು ಮಸಾಲೆ ಸಾಮಾನಿನ ವ್ಯಾಪಾರ. "ಅಕ್ಕೋರೆ, ಅಬ್ಬಾಗೆ ಇಂಗಿನ ಮಾಲು ಬರೋದೇ ನಿಂತೈತೆ. ಅಲ್ಲಿಂದ ಬರೋದಂತೆ ಅದು," ಎಂದ. ವಿದೇಶಾಂಗ ನೀತಿ ಸಾರಿನ ಒಗ್ಗರಣೆಗೂ ಬರುತ್ತದೆ ಎಂಬುದು ತರಗತಿಗೆ ಅವತ್ತು ತಿಳಿಯಿತು. ಆ ದಿನವೇ ತಪಾಸಣೆಗೆ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ಸಲೀಂ ಅಫ್ಘಾನ್ ರೈತನಾಗಿ ನಿಂತು ರಷ್ಯಾದ ವಾದ ಹೇಳುತ್ತಿದ್ದ, ರಷ್ಯಾ ಆಗಿದ್ದ ಹುಡುಗಿ ಒಪ್ಪುತ್ತಲೇ ಇರಲಿಲ್ಲ. ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು, "ರಷ್ಯಾ ನಮ್ಮ ಮಿತ್ರದೇಶ. ಈ ಹುಡುಗ ಬೈತಾನೋ ಹೊಗಳ್ತಾನೋ?" ಎಂದು ಕೇಳಿದರು. "ಇನ್ನೂ ಗೊತ್ತಾಗಿಲ್ಲ ಸಾರ್, ಆಕೆ ಹೌದು ಅನ್ನಬೇಕು" ಎಂದೆ. ಪಾಠಕ್ರಮದಿಂದ ಹೊರಗೆ ಹೋಗಬಾರದು ಎಂದು ಷರಾ ಬರೆದು ಹೋದರು.

ಇವೆಲ್ಲ ದೂರದ ಸಂಗತಿಗಳು. ಬಾಂಗ್ಲಾಕ್ಕೆ ಹೋದವರು ನಮ್ಮ ತರಗತಿಯವರ ಅಣ್ಣಂದಿರಲ್ಲ, ಕಾಬೂಲಿನಲ್ಲಿದ್ದವರಂತೂ ಅಲ್ಲವೇ ಅಲ್ಲ. ಪಾಠ ಮನೆಯೊಳಗೆ ಕಾಲಿಟ್ಟದ್ದು ನಾನು ಆಮೇಲೆ ವರ್ಗವಾಗಿ ಹೋದ ಚನ್ನಗಿರಿಯಲ್ಲಿ, ಎಂಬತ್ತೇಳರಲ್ಲಿ.

ಆ ವರ್ಷ ಶ್ರೀಲಂಕಾದ ಜೊತೆ ಒಪ್ಪಂದವಾಗಿ ನಮ್ಮ ಸೈನ್ಯ ಶಾಂತಿ ಕಾಯಲೆಂದು ಅಲ್ಲಿಗೆ ಹೋಯಿತು. ನಲ್ಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಂಜುಳಾ ಆಗ ಮೊದಲ ವರ್ಷದ ಪಿಯುಸಿ. ಅಪ್ಪ ಹಾಲೇಶಪ್ಪನವರದು ನಲ್ಲೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅಣ್ಣ ಬಸವರಾಜ ಸೈನ್ಯದಲ್ಲಿದ್ದ, ಮೊದಲು ಹೋದ ಪಡೆಗಳಲ್ಲೇ ಲಂಕೆಗೆ ಹೋಗಿದ್ದ. ಹಾಲೇಶಪ್ಪ ಅಂಗಡಿಗೆ ಬಂದವರಿಗೆಲ್ಲ, "ನನ್ನ ಮಗ ಜಗಳ ಮಾಡಾಕೆ ಹೋಗಿಲ್ರೀ, ಬಿಡಿಸಾಕೆ ಹೋಗ್ಯಾನೆ" ಎಂದು ಹೇಳುತ್ತಿದ್ದರಂತೆ. ದಸರಾ ಆಚೀಚೆಗೆ ರೇಡಿಯೋದ ಮಾತು ಬದಲಾಯಿತು. ಅಲ್ಲಿನ ತಮಿಳು ಬಂಡುಕೋರರಿಗೂ ನಮ್ಮ ಸೈನ್ಯಕ್ಕೂ ಕಾಳಗ ಹತ್ತಿಕೊಂಡಿತು. ಬಸವರಾಜನಿಂದ ಕಾಗದ ಬರುವುದು ನಿಂತಿತು.

ಕಾಲೇಜಿನ ವಾರ್ಷಿಕ ಚರ್ಚಾಸ್ಪರ್ಧೆಗೆ ನಾನು ಇಟ್ಟ ವಿಷಯ: ಲಂಕೆಗೆ ನಮ್ಮ ಸೈನ್ಯ ಕಳಿಸಿದ್ದು ಸರಿ. ಪ್ರಿನ್ಸಿಪಾಲರು ಬೆವರಿದರು. "ವರದಕ್ಷಿಣೆ ಇಡ್ರಿ, ಕುಟುಂಬ ಯೋಜನೆ ಇಡ್ರಿ. ಇದ್ಯಾಕ್ ಬೇಕಿತ್ತು ನಮಗೆ?" ಎಂದರು. ಪ್ರತಿ ವರ್ಷ ವರದಕ್ಷಿಣೆಯನ್ನು ವಿರೋಧಿಸಿ ಬಹುಮಾನ ತಗೊಂಡ ಹುಡುಗರೆಲ್ಲ ಎಣಿಸಿಕೊಂಡೇ ಮದುವೆಯಾಗಿದ್ದಾರೆ ಸಾರ್, ಎಂದೆ. ನಕ್ಕು ಒಪ್ಪಿದರು.

ಮಂಜುಳಾ ಹೆಸರು ಕೊಟ್ಟಿದ್ದಳು. ಚೀಟಿ ಎತ್ತಿದಳು. 'ವಿರೋಧ' ಬಂತು.

"ನೀನು ಬೇರೆಯವರ ಜೊತೆ ಬದಲಾಯಿಸಿಕೋ, ಇಲ್ಲವೇ ಈ ಸಲ ಬಿಡು" ಎಂದೆ. ಅವಳು ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು, "ಬ್ಯಾಡ್ರಿ ಅಕ್ಕೋರೆ. ಮನೇಲಿ ದಿನಾ ಒಂದೇ ಮಾತು ಕೇಳ್ತೀನಿ. ಇನ್ನೊಂದು ಮಾತು ಏನೈತೆ ಅಂತ ನನಗೂ ಗೊತ್ತಾಗಬೇಕು," ಎಂದಳು.

ಮಾರನೆಯ ದಿನ ಹಾಲೇಶಪ್ಪ ಸ್ಟಾಫ್ ರೂಮಿಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪಗಾದ ಕಣ್ಣು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಅಕ್ಕೋರೆ, ನನ್ನ ಮಗ ಅಲ್ಲಿ ಗುಂಡಿಗೆ ಎದೆ ಕೊಟ್ಟು ನಿಂತಾನೆ. ಬದುಕ್ಯಾನೋ ಇಲ್ವೋ ಅನ್ನಾದೂ ಗೊತ್ತಿಲ್ಲ. ಇವಳು ಇಲ್ಲಿ ಮೈಕ್ ಹಿಡ್ಕಂಡು ಹೋಗಿದ್ದೇ ತಪ್ಪು ಅಂತ ಭಾಷಣ ಮಾಡಿದ್ರೆ ಊರಾಗೆ ನಾನು ಹೆಂಗ್ರೀ ಮುಖ ತೋರ್ಸಾದು?"

"ನಮ್ಮಲ್ಲಿ ಮೊದಲು ನಿಮ್ಮ ವಾದವನ್ನೇ ಅವಳು ಹೇಳಬೇಕು. ಬಂದು ಕೇಳಿ. ತಪ್ಪು ಹೇಳಿದರೆ ಅಲ್ಲೇ ಹೇಳಿ" ಎಂದೆ.

"ಕೇಳಾದು ಏನೈತ್ರೀ? ಓದ್ಸಿದ್ದೇ ತಪ್ಪಾತು. ಕಾಲೇಜು ಬಿಡಿಸಿ ಮದುವೆ ಮಾಡಿ ಕಳಿಸ್ತೀನಿ."

ಅದು ಬರೀ ಸಿಟ್ಟಿನ ಮಾತಲ್ಲ ಎಂದು ನನಗೆ ಗೊತ್ತಿತ್ತು. ಅಂಥ ಸಿಟ್ಟಿನಿಂದ ಅರ್ಧಕ್ಕೇ ಓದು ಬಿಟ್ಟ ಹುಡುಗಿಯರು ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷ ಇರುತ್ತಿದ್ದರು.

ಸ್ಪರ್ಧೆಯ ದಿನ ಹಾಲೇಶಪ್ಪ ಬಂದೇ ಬಂದರು. ಹಾಲಿನ ಕೊನೆಯ ಸಾಲಿನಲ್ಲಿ ಕುಳಿತರು. ಪರವಾಗಿ ಮಾತಾಡಬೇಕಿದ್ದವನು ನಾಗರಾಜ ಎಂಬ ಹುಡುಗ. ಮಂಜುಳಾ ಎದ್ದಳು. ಮೊದಲು ಪುಸ್ತಕದ ಕನ್ನಡದಲ್ಲಿ ಶುರು ಮಾಡಿದಳು, ಎರಡು ವಾಕ್ಯಕ್ಕೆ ಅದು ಜಾರಿಹೋಯಿತು.

"ಲಂಕಾದಾಗೆ ತಮಿಳು ಜನ ಸಾಯ್ತಿದ್ರು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವು ಬಾಗಿಲು ಹಾಕ್ಕಂಡು ಕೂರಾಕೆ ಆಗಂಗಿಲ್ಲ. ನಾವಾಗೇ ನುಗ್ಗಿಲ್ಲ, ಒಪ್ಪಂದ ಮಾಡ್ಕಂಡು ಹೋದ್ವಿ. ನಾವು ಹೋಗದಿದ್ರೆ ಬ್ಯಾರೆ ಯಾವ್ದೋ ದೊಡ್ಡ ದೇಶ ಬಂದು ಅಲ್ಲಿ ಕೂರ್ತಿತ್ತು. ನಮ್ಮ ಹುಡುಗರು ಗೆಲ್ಲಾಕೆ ಹೋದವರಲ್ಲ, ಬಿಡಿಸಾಕೆ ಹೋದವರು." ಕೊನೆಯ ಸಾಲಿನ ಕಡೆ ನೋಡಿದಳು. "ಅಂಥ ಹುಡುಗನ ಅಪ್ಪನ ಎದುರಿಗೆ ಹೋಗಿದ್ದೇ ತಪ್ಪು ಅನ್ನಬಾರದು. ನಾಳೆ ಏನಾರ ಆದ್ರೆ ಆ ಅಪ್ಪ ತನ್ನ ಮಗ ಯಾತಕ್ಕೆ ಸತ್ತ ಅಂತ ಹೇಳ್ಕಬೇಕು?"

ಈಗ ನಾಗರಾಜ ಹೌದು ಎನ್ನಬೇಕು. ಅವನು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಹೌದು," ಎಂದರು ಹಾಲೇಶಪ್ಪ. "ಇದೇ ನನ್ನ ಮಾತು."

ಮಂಜುಳಾ ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ವಾದ ಹೇಳಿದಳು. ಒಪ್ಪಂದ ಮಾಡಿಕೊಂಡದ್ದು ಎರಡು ಸರಕಾರಗಳು, ಬಂದೂಕು ಹಿಡಿದವರು ಮನಸಾರೆ ಒಪ್ಪಿರಲಿಲ್ಲ, ನಡುವೆ ಸಿಕ್ಕ ಜನರನ್ನು ಯಾರೂ ಕೇಳಲೇ ಇಲ್ಲ ಎಂದಳು. ನಾನು ತರಗತಿಯಲ್ಲಿ ಹೇಳಿದ್ದ ಸೊಕ್ಕೆಯ ಬೀಗರ ಕತೆಯನ್ನು ಸೇರಿಸಿದಳು, ಹಾಲೆಲ್ಲ ನಕ್ಕಿತು. ಕೊನೆಗೆ ಹೇಳಿದ್ದು ಮಾತ್ರ ನಾನು ಹೇಳಿಕೊಟ್ಟದ್ದಲ್ಲ: "ಬಿಡಿಸಾಕೆ ಅಂತ ಕಳಿಸಿ, ಈಗ ಬಡಿದಾಡು ಅಂದ್ರು. ಯಾವಾಗ ವಾಪಸ್ ಬರಬೇಕು ಅಂತಾನೂ ಹೇಳಿಲ್ಲ. ನಮ್ಮಣ್ಣ ಹೋಗಿದ್ದು ತಪ್ಪಲ್ಲ. ಕಳಿಸಿದ್ದು ತಪ್ಪು."

ಬಹುಮಾನ ಅವಳಿಗೆ ಬರಲಿಲ್ಲ. ಹೊರಗಿನಿಂದ ಬಂದ ತೀರ್ಪುಗಾರರು, ಎದುರು ಪಕ್ಷದ ವಾದವನ್ನು ಅತಿ ಚೆನ್ನಾಗಿ ಹೇಳಿ ತನ್ನ ಪಕ್ಷಕ್ಕೆ ನಷ್ಟ ಮಾಡಿಕೊಂಡಳು ಎಂದು ಅಂಕ ಕಳೆದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಲೇಶಪ್ಪ ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ, "ನನ್ನ ಮಾತು ಸರಿಯಾಗೇ ಹೇಳಿದ್ಲು, ಇಲ್ಲ ಅನ್ನಂಗಿಲ್ಲ. ಆದ್ರೆ ಅವಳ ಮಾತು ನನಗೆ ಹಿಡಿಸಲಿಲ್ಲ. ಬಸವರಾಜ ಬರಲಿ. ತಂಗಿ ಹಿಂಗಂದ್ಲು ಅಂತ ಅವನಿಗೇ ಕೇಳ್ತೀನಿ. ಅವನ ಮನಸ್ಸಿಗೆ ನೋವಾತು ಅಂದ್ರೆ ಅವತ್ತೇ ಓದು ನಿಲ್ಲಿಸ್ತೀನಿ," ಎಂದರು. ಬಸವರಾಜ ಬರಲಿ ಎಂದು ಅವರ ಬಾಯಲ್ಲಿ ಬಂದದ್ದೇ ಸಾಕಾಗಿತ್ತು ನನಗೆ.

ಸಂಕ್ರಾಂತಿಯ ಸುಮಾರಿಗೆ ಬದುಕಿದ್ದೇನೆ ಎಂದು ಅವನ ಕಾಗದ ಬಂತು. ಆದರೆ ಮನುಷ್ಯ ಬರಲು ಇನ್ನೊಂದು ವರ್ಷ ಹಿಡಿಯಿತು. ಆ ಒಂದು ವರ್ಷ ಮಂಜುಳಾ ಓದಿದ್ದೆಲ್ಲ ಗಡುವಿನ ಮೇಲೆ ಓದಿದ ಓದು. ಅಣ್ಣ ಬರಲಿ ಎಂದು ದೇವರಿಗೆ ಕೈ ಮುಗಿಯುವುದು, ಬಂದರೆ ಏನನ್ನುತ್ತಾನೋ ಎಂದು ಹೆದರುವುದು, ಎರಡೂ ಒಟ್ಟಿಗೇ. "ಅಣ್ಣ ನನ್ನ ಮೇಲೆ ಬೇಜಾರು ಮಾಡ್ಕಂಡ್ರೆ ಓದು ಹೋದ್ರೂ ಪರವಾಗಿಲ್ರೀ ಅಕ್ಕೋರೆ, ಆ ಬೇಜಾರೇ ನಂಗೆ ತಡ್ಕಳಾಕೆ ಆಗಂಗಿಲ್ಲ," ಎಂದು ಒಮ್ಮೆ ಅತ್ತಳು.

ಎಂಬತ್ತೊಂಬತ್ತರ ಗಣರಾಜ್ಯೋತ್ಸವದ ಹೊತ್ತಿಗೆ ಬಸವರಾಜ ರಜೆಯಲ್ಲಿ ಬಂದಿದ್ದ. ಬಂದು ಎರಡು ದಿನವಾಗಿತ್ತಷ್ಟೆ. ನಮ್ಮ ಪ್ರಿನ್ಸಿಪಾಲರು ಉತ್ಸಾಹದಲ್ಲಿ ಅವನನ್ನು ಮುಖ್ಯ ಅತಿಥಿ ಎಂದು ಕರೆಸಿ, ತೋಳು ಗಾತ್ರದ ಸೇವಂತಿಗೆ ಹಾರ ತರಿಸಿದ್ದರು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ ತೆಳ್ಳಗಿನ ಹುಡುಗ. ಧ್ವಜಾರೋಹಣ ಮುಗಿದು ಎಲ್ಲರೂ ಹಾಲಿನಲ್ಲಿ ಸೇರಿದೆವು. ಪ್ರಿನ್ಸಿಪಾಲರು ಹಾರ ಎತ್ತಿದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಹಾರ ಬ್ಯಾಡ್ರಿ ಸಾರ್. ಅಲ್ಲೂ ಮೊದ್ಲನೇ ದಿನ ಹಾರಾನೇ ಹಾಕಿದ್ರು."

ಪ್ರಿನ್ಸಿಪಾಲರು ಹಾರ ಹಿಡಿದುಕೊಂಡೇ ನಿಂತರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಹಾಲೇಶಪ್ಪ ಎದ್ದರು. ಮನೆಯಲ್ಲಿ ಕೇಳಲು ಅವರಿಗೆ ಬಾಯಿ ಬಂದಿರಲಿಲ್ಲ ಎಂದು ಕಾಣುತ್ತದೆ.

"ಬಸವರಾಜ, ಇದೇ ಜಾಗದಾಗೆ ನಿನ್ನ ತಂಗಿ, ನಿಮ್ಮನ್ನ ಕಳಿಸಿದ್ದೇ ತಪ್ಪು ಅಂತ ಭಾಷಣ ಮಾಡಿದ್ಲು. ಈಗ ನೀನೇ ಹೇಳಪ್ಪ. ಸರಿಯೋ, ತಪ್ಪೋ?"

ಮಂಜುಳಾ ತಲೆ ತಗ್ಗಿಸಿ ಕುಳಿತಿದ್ದಳು. ಬಸವರಾಜ ಅವಳ ಕಡೆ ನೋಡಿದ.

"ನಿಮ್ಮ ಕಾಲೇಜಿನಾಗೆ ಒಂದು ಪದ್ಧತಿ ಐತಂತಲ್ರಿ, ಮಂಜಿ ಕಾಗದದಾಗೆ ಬರೆದಿದ್ಲು. ಎದುರಿನವರ ಮಾತು ಮೊದ್ಲು ಹೇಳ್ಬೇಕಂತೆ. ಹಂಗೇ ಹೇಳ್ತೀನಿ." ಮೈಕ್ ಬಿಟ್ಟು ಪಕ್ಕಕ್ಕೆ ನಿಂತ. "ನಾವು ಹೋದ ದಿನ ಒಬ್ಬ ಅಜ್ಜಿ ಹಾರ ಹಾಕಿ ಎಳನೀರು ಕೊಟ್ಲು, ಮಗನೇ ಅಂದ್ಲು. ಜಗಳ ಹತ್ತಿದ ಮ್ಯಾಲೆ ಅದೇ ಓಣಿಗೆ ನಾವು ಬಂದೂಕಿನವರು ಅಡಗ್ಯಾರೋ ಅಂತ ಮನೆ ಮನೆ ತಡಕಾಕೆ ಹೋದ್ವಿ. ಆಕೆ ಮಾತು ಇದು: 'ನೀವು ಬರಾಕೆ ಮುಂಚೆ ನನಗೆ ಯಾರಿಗೆ ಹೆದರಬೇಕು ಅಂತ ಗೊತ್ತಿತ್ತು. ನೀವು ಬಂದ ಮ್ಯಾಲೆ ಅದೂ ಗೊತ್ತಾಗವಲ್ದು. ನಿಮಗೆ ಹಾರ ಹಾಕಿದೆ ಅಂತ ಬಂದೂಕು ಹಿಡಿದ ನಮ್ಮ ಹುಡುಗರು ನನ್ನ ಮ್ಯಾಲೆ ಅನುಮಾನ ಪಟ್ರು. ನನ್ನ ಮೊಮ್ಮಗ ಆ ಹುಡುಗರ ಜೊತೆ ಹೋಗ್ಯಾನೆ ಅಂತ ನೀವು ಅನುಮಾನ ಪಟ್ರಿ. ನಾನು ಎಲ್ಲಿಗೆ ಹೋಗಲಿ?' ಇಷ್ಟು, ಆಕೆ ಮಾತು."

ಹಾಲೇಶಪ್ಪ ಇನ್ನೂ ನಿಂತೇ ಇದ್ದರು.

"ಆತಪ್ಪ. ಈಗ ನಿನ್ನ ಮಾತು ಹೇಳು."

"ಅದು ಹೆಂಗಪ್ಪ?" ಎಂದ ಬಸವರಾಜ. "ಆಕೆ ಮೊದ್ಲು ಹೌದು, ಇದೇ ನನ್ನ ಮಾತು ಅನ್ನಬೇಕಲ್ಲ. ಆಮ್ಯಾಕೆ ತಾನೇ ನನ್ನ ಸರದಿ? ಆಕೆ ಸತ್ತು ಹೋದ್ಲು. ಆ ಮನೇನೂ ಉಳೀಲಿಲ್ಲ."

ಅವನು ಕುಂಟುತ್ತಾ ವೇದಿಕೆ ಇಳಿದು ಹೋಗಿ ತಂಗಿಯ ಪಕ್ಕದಲ್ಲಿ ಕುಳಿತ. ಅವಳ ತಲೆಯ ಮೇಲೆ ಕೈಯಿಟ್ಟ. ಹಾಲೇಶಪ್ಪ ಇಬ್ಬರನ್ನೂ ನೋಡಿ, ನನ್ನ ಕಡೆ ತಿರುಗಿದರು.

"ಅಕ್ಕೋರೆ, ಇವಳು ಡಿಗ್ರಿಗೆ ಶಿವಮೊಗ್ಗಕ್ಕೆ ಹೋಗಬೇಕು ಅಂತಿದ್ಲು. ಅದಕ್ಕೆ ಅರ್ಜಿ ಯಾವಾಗ ಹಾಕ್ಬೇಕು, ನೀವೇ ಸ್ವಲ್ಪ ನೋಡ್ರಿ" ಎಂದರು.